ಎರಡು ವರ್ಷ ಬಿಟ್ಟ ಮೇಲೆ ಮತ್ತೆ 200 ಕಿ.ಮೀ. ಸೈಕಲ್ ಸವಾರಿ: 16 ವಾರ ಸಾಕೇ?

ಪ್ರಶ್ನೆ: ನನಗೆ 44 ವರ್ಷ. ಹಿಂದೆ ವಾರಕ್ಕೆ 150–200 ಕಿ.ಮೀ. ಸೈಕಲ್ ತುಳಿಯುತ್ತಿದ್ದೆ, 200 ಕಿ.ಮೀ. ಬ್ರೆವೆಗಳನ್ನೂ (ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸಿದ್ದೆ. ಕೆಲಸ, ಮನೆ ಅಂತ ಎರಡು ವರ್ಷ ಸೈಕಲ್ ಮುಟ್ಟಲಿಲ್ಲ. ತೂಕ 5 ಕೆ.ಜಿ. ಹೆಚ್ಚಾಗಿದೆ, ಬೇರೆ ಕಾಯಿಲೆ ಏನೂ ಇಲ್ಲ. ಇನ್ನು 16 ವಾರಕ್ಕೆ ಒಂದು 200 ಕಿ.ಮೀ. ಬ್ರೆವೆ ಇದೆ, ಹೆಸರು ಕೊಟ್ಟುಬಿಟ್ಟಿದ್ದೇನೆ. ಕಳೆದ ವಾರ ಹಳೆಯ ದಾರಿಯಲ್ಲಿ 40 ಕಿ.ಮೀ. ಹೊಡೆದೆ. ಅರ್ಧ ದಾರಿವರೆಗೆ ಪರವಾಗಿಲ್ಲ, ಆಮೇಲೆ ತೊಡೆ ಹಿಡಿದುಕೊಂಡಿತು, ಸೀಟಿನ ಮೇಲೆ ಕೂರಲಾಗಲಿಲ್ಲ, ಮರುದಿನ ಮೊಣಕಾಲು ಚಿಪ್ಪಿನ ಮುಂದೆ ನೋವು. ಹಿಂದೆಯೂ 80 ಕಿ.ಮೀ. ದಾಟಿದ ಮೇಲೆ ಹೊಟ್ಟೆ ತೊಳಸಿ ಏನೂ ಸೇರುತ್ತಿರಲಿಲ್ಲ. 16 ವಾರ ಸಾಕೇ? ವಾರಕ್ಕೆ ಎಷ್ಟು ಕಿ.ಮೀ. ತುಳಿಯಬೇಕು? ತುಳಿತದ ಶಕ್ತಿ ಅಳೆಯುವ ಪವರ್ ಮೀಟರ್ ಕೊಳ್ಳಲೇ?

ಉತ್ತರ: ಸಾಕು. ಆದರೆ ಮೊದಲ ದಿನವೇ ಹಳೆಯ ದಾರಿ ಹಿಡಿದು ಹಳೆಯ ವೇಗಕ್ಕೆ ಕೈ ಹಾಕಿದಿರಲ್ಲ, ಅದೇ ಚಾಳಿ ಮುಂದುವರಿದರೆ 30 ವಾರ ಕೊಟ್ಟರೂ ನೀವು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡೇ ಹೊರಡಬೇಕಾಗುತ್ತದೆ. ಹೊಸದಾಗಿ ಶುರು ಮಾಡುವವರಿಗೆ ತಮ್ಮ ಮಿತಿ ಗೊತ್ತಿರುವುದಿಲ್ಲ, ಹೆದರಿ ಹೆದರಿ ತುಳಿಯುತ್ತಾರೆ. ಬಿಟ್ಟು ಮತ್ತೆ ಹತ್ತುವವರಿಗೆ ಎರಡು ವರ್ಷದ ಹಿಂದಿನ ಮಿತಿ ಚೆನ್ನಾಗಿ ನೆನಪಿರುತ್ತದೆ. ಯಾವ ಏರಿಗೆ ಯಾವ ಗೇರು, ಯಾವ ತಿರುವಿನವರೆಗೆ ಎಷ್ಟು ನಿಮಿಷ, ಎಲ್ಲ ಬಾಯಿಪಾಠ. ನನ್ನ ಹತ್ತಿರ ನೋವು ಹೊತ್ತು ಬರುವವರಲ್ಲಿ ಈ ಎರಡನೆಯ ಗುಂಪಿನವರೇ ಜಾಸ್ತಿ.

ದೇಹದಲ್ಲಿ ಏನು ಹೋಗಿದೆ, ಏನು ಉಳಿದಿದೆ ಅನ್ನುವುದನ್ನು ಮೊದಲು ನೋಡೋಣ. ತುಳಿಯುವುದು ನಿಲ್ಲಿಸಿದಾಗ ಮೊಟ್ಟಮೊದಲು ಇಳಿಯುವುದು ರಕ್ತದ ದ್ರವಭಾಗವಾದ ಪ್ಲಾಸ್ಮಾ. ಎರಡು ವಾರದೊಳಗೇ ಇಳಿದಿರುತ್ತದೆ. ರಕ್ತ ಕಡಿಮೆಯಾದರೆ ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ಪ್ರಮಾಣವೂ ಕಡಿಮೆ, ಅದನ್ನು ತುಂಬಿಕೊಳ್ಳಲು ಬಡಿತ ಹೆಚ್ಚಬೇಕು. ಹಿಂದೆ ಮಾತಾಡುತ್ತಾ ಏರುತ್ತಿದ್ದ ದಿಬ್ಬದಲ್ಲೇ ಈಗ ಎದೆ ಡವಗುಟ್ಟುವುದು ಇದರಿಂದ. ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ಪಳಗಿದ ಕ್ರೀಡಾಪಟುಗಳು ಅಭ್ಯಾಸ ನಿಲ್ಲಿಸಿದಾಗ ಅವರು ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಪ್ರಮಾಣ ಮೊದಲ 21 ದಿನಕ್ಕೆ 7% ಇಳಿದು, 56 ದಿನದ ಹೊತ್ತಿಗೆ 16%ರಷ್ಟು ಇಳಿದು ಅಲ್ಲೇ ನಿಂತಿತ್ತು. ಸ್ನಾಯುಗಳೊಳಗೆ ಬೆಳೆದಿದ್ದ ಸೂಕ್ಷ್ಮ ರಕ್ತನಾಳಗಳು ಮಾತ್ರ 84 ದಿನ ಕಳೆದರೂ ಹಾಗೇ ಇದ್ದವು. ಆ ಲೆಕ್ಕವನ್ನು ಎರಡು ವರ್ಷಕ್ಕೆ ಎಳೆಯಲು ಬರುವುದಿಲ್ಲ, ನಿಮ್ಮದು ಇನ್ನೂ ಇಳಿದಿರುತ್ತದೆ. ಆದರೂ ವರ್ಷಗಟ್ಟಲೆ ತುಳಿದ ದೇಹ ಎಂದೂ ಸೈಕಲ್ ಹತ್ತದ ದೇಹದ ಮಟ್ಟಕ್ಕೆ ಪೂರ್ತಿ ಇಳಿಯುವುದು ಅಪರೂಪ. ಕೌಶಲವಂತೂ ಎಲ್ಲೂ ಹೋಗುವುದಿಲ್ಲ.

ಇನ್ನು ಮರಳಿ ಬರುವುದು. ಪ್ಲಾಸ್ಮಾ ಒಂದೆರಡು ವಾರಕ್ಕೇ ತುಂಬಿಕೊಳ್ಳುತ್ತದೆ. ನಾಲ್ಕೈದು ವಾರಕ್ಕೆ ದಮ್ಮು ಚೆನ್ನಾಗಿ ಬಂದಿರುತ್ತದೆ, ತೊಡೆಯೂ ಹುರುಪಾಗಿರುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳ ಕಥೆ ಬೇರೆ. ಅವಕ್ಕೆ ರಕ್ತ ಸಂಚಾರ ಕಡಿಮೆ, ಒಳಗಿನ ದುರಸ್ತಿಯೂ ನಿಧಾನ. ಹೊರೆಗೆ ಹೊಂದಿಕೊಳ್ಳಲು ವಾರಗಳಲ್ಲ, ತಿಂಗಳುಗಳು ಬೇಕು. ಮೊಣಕಾಲು ಚಿಪ್ಪಿನ ಕೆಳಗಿನ ರಜ್ಜು, ಹಿಮ್ಮಡಿಯ ಮೇಲಿನ ರಜ್ಜು, ಕುತ್ತಿಗೆ, ಕೆಳಬೆನ್ನು, ಸೀಟಿಗೆ ತಾಗುವ ಚರ್ಮ, ಇವೆಲ್ಲ ತಡವಾಗಿ ಬರುವ ಬಳಗ. ಹಾಗಾಗಿ ಅಪಾಯದ ಕಾಲ ಮೊದಲ ವಾರವಲ್ಲ, ನಾಲ್ಕರಿಂದ ಆರನೆಯ ವಾರ. ಉಸಿರು ಸಲೀಸು, ಕಾಲಲ್ಲಿ ಕಸುವು, ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ಹಳೆಯ ಸಮಯ ಕಣ್ಣಿಗೆ ಕಾಣುವಷ್ಟು ಹತ್ತಿರ. ಒಂದು ಭಾನುವಾರ ಜೋಶಿನಲ್ಲಿ 40 ಇದ್ದದ್ದು 90 ಆಗುತ್ತದೆ, ಮುಂದಿನ ಮೂರು ವಾರ ಐಸ್ ಪ್ಯಾಕ್ ಹಿಡಿದು ಕೂರುವುದಾಗುತ್ತದೆ. ಈ 16 ವಾರದ ಯೋಜನೆಯನ್ನು ದಮ್ಮಿನ ಲೆಕ್ಕಕ್ಕೆ ಹಾಕಬೇಡಿ, ಮೊಣಕಾಲಿನ ಲೆಕ್ಕಕ್ಕೆ ಹಾಕಿ. ಇಡೀ ಉತ್ತರದಲ್ಲಿ ನಾನು ಹೇಳುವುದೆಲ್ಲ ಇದರ ವಿಸ್ತರಣೆಯೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 40 ದಾಟಿ ಎರಡು ವರ್ಷ ಕುಳಿತವರು ಶ್ರಮದ ಅಭ್ಯಾಸಕ್ಕೆ ಇಳಿಯುವ ಮುನ್ನ ಒಮ್ಮೆ ವೈದ್ಯರನ್ನು ಕಂಡು ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಆಗಿದ್ದರೆ ಅದನ್ನೂ ಹೇಳಿ. ತುಳಿಯುವಾಗ ಎದೆ ಬಿಗಿತ, ದವಡೆಗೋ ಎಡತೋಳಿಗೋ ಹರಿಯುವ ನೋವು, ತಲೆ ಸುತ್ತು, ಶ್ರಮಕ್ಕೆ ಮೀರಿದ ಏದುಸಿರು ಬಂದರೆ ಅಲ್ಲೇ ಇಳಿಯಿರಿ. ಅದು ‘ಫಿಟ್‌ನೆಸ್ ಹೋಗಿದೆ’ ಎಂದು ತಳ್ಳಿಹಾಕುವ ವಿಷಯವಲ್ಲ.

ಈಗ ನಿಮ್ಮ ಮೊಣಕಾಲು. ಚಿಪ್ಪಿನ ಮುಂದೆ ನೋವು ಅಂದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು: ಸೀಟು ತಗ್ಗು, ಗೇರು ಭಾರ, ಇಲ್ಲವೇ ಒಮ್ಮೆಲೇ ಹೊರೆ. ನಿಮ್ಮಲ್ಲಿ ಮೂರನೆಯದು ಖಚಿತ, ಉಳಿದೆರಡನ್ನೂ ನೋಡಿಕೊಳ್ಳಿ. ಎರಡು ವರ್ಷ ನಿಂತ ಸೈಕಲ್ಲನ್ನು ಮನೆಯವರು ಯಾರಾದರೂ ಓಡಿಸಿರಬಹುದು, ಸೀಟು ಇಳಿಸಿರಬಹುದು, ಸೀಟ್‌ಪೋಸ್ಟ್ ತಾನಾಗಿಯೇ ಜಾರಿರಬಹುದು. ಗೋಡೆ ಹಿಡಿದು ಸೀಟಿನ ಮೇಲೆ ನೆಟ್ಟಗೆ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಕ್ಕೆ ತುಳಿಯಿರಿ. ಪೆಡಲ್ ತೀರಾ ಕೆಳಗೆ ಬಂದಾಗ ಕಾಲು ಪೂರ್ತಿ ನೀಟಾಗಬೇಕು, ಸೊಂಟ ಆ ಕಡೆ ವಾಲಬಾರದು. ಹಾಗಿದ್ದರೆ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು 25ರಿಂದ 35 ಡಿಗ್ರಿ ಮಡಿಚಿರುತ್ತದೆ, ಅಷ್ಟಿರಬೇಕು. ನೋವು ಮುಂದೆ ಇದ್ದರೆ ಸೀಟು ಸ್ವಲ್ಪ ಏರಿಸಿ, ಮೊಣಕಾಲಿನ ಹಿಂಭಾಗದಲ್ಲಿದ್ದರೆ ಸ್ವಲ್ಪ ಇಳಿಸಿ. ಒಂದು ಸಲಕ್ಕೆ 3–5 ಮಿ.ಮೀ. ಮಾತ್ರ, ಆಮೇಲೆ ಎರಡು ಮೂರು ಸವಾರಿ ಅದರಲ್ಲೇ ನೋಡಿ. ಸೀಟ್‌ಪೋಸ್ಟಿಗೆ ಬಣ್ಣದ ಟೇಪಿನ ಗುರುತು ಹಾಕಿಟ್ಟರೆ ಎಲ್ಲಿಂದ ಎಲ್ಲಿಗೆ ಬಂದಿರಿ ಅನ್ನುವುದು ತಿಳಿಯುತ್ತದೆ.

ಗೇರಿನ ವಿಷಯದಲ್ಲಿ ಹಳಬರ ಹಟ ಬಿಡಿ. ಅದೇ ವೇಗಕ್ಕೆ ನಿಮಿಷಕ್ಕೆ 60 ಸುತ್ತಿನ ಬದಲು 85 ಸುತ್ತು ತುಳಿದರೆ ಪ್ರತಿ ತುಳಿತಕ್ಕೆ ಬೇಕಾದ ಬಲ ಸುಮಾರು 30% ಕಡಿಮೆ. ಉಸಿರಿನ ಮೇಲೆ ಸ್ವಲ್ಪ ಹೊರೆ ಜಾಸ್ತಿ ಬೀಳುತ್ತದೆ, ಬೀಳಲಿ. ಉಸಿರು ಬೇಗ ಬರುವ ಬಳಗದ್ದು, ಹೊತ್ತುಕೊಳ್ಳುತ್ತದೆ. ಏರಿನಲ್ಲಿ 70ಕ್ಕಿಂತ ಕೆಳಗೆ ಹೋಗದಷ್ಟು ಹಗುರ ಗೇರು ನಿಮ್ಮ ಸೈಕಲ್ಲಿನಲ್ಲಿ ಇಲ್ಲದಿದ್ದರೆ ಹಿಂದಿನ ಚಕ್ರದ ಹಲ್ಲುಗಾಲಿಗಳ ಗುಚ್ಛ (ಕ್ಯಾಸೆಟ್) ಬದಲಿಸಿ. ಮುಂದೆ 34 ಹಲ್ಲು, ಹಿಂದೆ 32 ಅಥವಾ 34 ಇದ್ದರೆ ನಾಚಿಕೆಪಡುವಂಥದ್ದೇನೂ ಇಲ್ಲ, 150ನೇ ಕಿ.ಮೀ. ಹತ್ತಿರ ಅದಕ್ಕೆ ನೀವೇ ಕೈಮುಗಿಯುತ್ತೀರಿ.

ವಾರಕ್ಕೆ ಎಷ್ಟು ಕಿ.ಮೀ. ಅಂತ ಕೇಳಿದ್ದೀರಿ. ಕಿ.ಮೀ. ಎಣಿಸಬೇಡಿ, ಗಂಟೆ ಎಣಿಸಿ. ಎದುರುಗಾಳಿಯ 30 ಕಿ.ಮೀ.ಗೂ ಬೆನ್ನುಗಾಳಿಯ 30 ಕಿ.ಮೀ.ಗೂ ದೇಹದ ಲೆಕ್ಕದಲ್ಲಿ ಸಂಬಂಧವೇ ಇರುವುದಿಲ್ಲ. ಜೊತೆಗೆ ಕಿ.ಮೀ. ಎಣಿಸುವವರು ಸಂಖ್ಯೆ ತುಂಬಿಸಲು ಕೊನೆಯ ಅರ್ಧ ಗಂಟೆ ಬಿರುಸಾಗಿ ತುಳಿಯುತ್ತಾರೆ, ಸುಸ್ತಾದ ಕಾಲಿನಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ.

ಮೊದಲ ಮೂರು ವಾರ: ವಾರಕ್ಕೆ ನಾಲ್ಕು ಸವಾರಿ. ಮೂರು ಸಣ್ಣವು, 45 ನಿಮಿಷದಿಂದ ಒಂದು ಗಂಟೆ. ಒಂದು ಉದ್ದನೆಯದು, ಒಂದೂವರೆ ಗಂಟೆಯಿಂದ ಶುರುವಾಗಿ ಎರಡು ಗಂಟೆಗೆ. ಸಮತಟ್ಟಾದ ದಾರಿ, ಪಕ್ಕದಲ್ಲಿ ಯಾರಾದರೂ ಇದ್ದರೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುವಷ್ಟೇ ಶ್ರಮ. ಮಾತು ತುಂಡಾಗುತ್ತಿದ್ದರೆ ನೀವು ಜೋರಾಗಿದ್ದೀರಿ. ಈ ಹಂತದಲ್ಲಿ ಹಳೆಯ ದಾರಿಗೆ ಹೋಗಲೇಬೇಡಿ, ಹೊಸ ದಾರಿ ಹುಡುಕಿ. ಹಳೆಯ ದಾರಿಯಲ್ಲಿ ಪ್ರತಿ ದಿಬ್ಬವೂ ಹಿಂದಿನ ಸಮಯವನ್ನು ನೆನಪಿಸಿ ಕೆಣಕುತ್ತದೆ. ಮನೆಗೆ ಬಂದಾಗ ‘ಇನ್ನೂ ಅರ್ಧ ಗಂಟೆ ತುಳಿಯಬಹುದಿತ್ತು’ ಅನ್ನಿಸಿದರೆ ಆ ದಿನ ಸರಿಯಾಗಿ ಮುಗಿದಿದೆ. ನಾಲ್ಕನೇ ವಾರ ಎಲ್ಲವನ್ನೂ ಮೂರನೇ ಒಂದರಷ್ಟು ಇಳಿಸಿ.

ಆ ಇಳಿಸಿದ ವಾರವನ್ನು ತಪ್ಪಿಸುವವರೇ ಹೆಚ್ಚು. ‘ಚೆನ್ನಾಗಿ ಹೋಗುತ್ತಿದೆ, ಯಾಕೆ ನಿಲ್ಲಿಸಲಿ’ ಎನ್ನುತ್ತಾರೆ. ದೇಹ ಗಟ್ಟಿಯಾಗುವುದು ತುಳಿಯುವಾಗಲ್ಲ, ತುಳಿದ ಮೇಲೆ ಸಿಗುವ ನಿದ್ದೆಯಲ್ಲಿ, ಬಿಡುವಿನಲ್ಲಿ. ಮೂರು ವಾರ ಏರಿಸಿ ಒಂದು ವಾರ ಇಳಿಸುವ ಕ್ರಮವನ್ನು ಕಣ್ಣುಮುಚ್ಚಿ ಪಾಲಿಸಿ. 50ರ ಮೇಲಿನವರಿಗೆ ನಾನು ಎರಡು ವಾರ ಏರಿಸಿ ಒಂದು ವಾರ ಇಳಿಸಿ ಎನ್ನುತ್ತೇನೆ.

ಐದರಿಂದ ಏಳನೇ ವಾರ ಉದ್ದನೆಯ ಸವಾರಿ ಎರಡೂವರೆ, ಮೂರು, ಮೂರೂವರೆ ಗಂಟೆ. ಸಣ್ಣ ಸವಾರಿಗಳು ಒಂದು ಗಂಟೆ, ಒಂದೂಕಾಲು ಗಂಟೆ. ಎಂಟು ಇಳಿಕೆಯ ವಾರ. ಒಂಬತ್ತು, ಹತ್ತು, ಹನ್ನೊಂದರಲ್ಲಿ ನಾಲ್ಕು, ನಾಲ್ಕೂವರೆ, ಐದೂವರೆ ಗಂಟೆ. ಹನ್ನೆರಡು ಇಳಿಕೆ, ಉದ್ದನೆಯದು ಮೂರೇ ಗಂಟೆ. ಹದಿಮೂರನೇ ವಾರ ಎಲ್ಲಕ್ಕಿಂತ ದೊಡ್ಡದು, ಆರರಿಂದ ಏಳು ಗಂಟೆ, ಅಂದರೆ ಸುಮಾರು 130–150 ಕಿ.ಮೀ. ಅದಕ್ಕಿಂತ ಹೆಚ್ಚು ಬೇಡ. 200 ಮುಗಿಸಬಲ್ಲೆನೇ ಎಂದು ತಿಳಿಯಲು ಮೊದಲೇ 200 ತುಳಿದು ನೋಡುವ ಅಗತ್ಯವಿಲ್ಲ. 150ನ್ನು ನೋವಿಲ್ಲದೆ ಮುಗಿಸಿದವರು ಹೊಟ್ಟೆಯನ್ನೂ ವೇಗವನ್ನೂ ಸಂಭಾಳಿಸಿದರೆ 200 ಮುಗಿಸುತ್ತಾರೆ. ಹದಿನಾಲ್ಕರಲ್ಲಿ ಶನಿವಾರ ನಾಲ್ಕು ಗಂಟೆ, ಭಾನುವಾರ ಎರಡೂವರೆ ಗಂಟೆ. ಎರಡನೇ ದಿನ ಭಾರವಾದ ಕಾಲಿನಲ್ಲಿ ಸೀಟಿನ ಮೇಲೆ ಕೂರುತ್ತೀರಲ್ಲ, ಬ್ರೆವೆಯ ಕೊನೆಯ 60 ಕಿ.ಮೀ. ಹೇಗಿರುತ್ತದೆ ಎನ್ನುವುದರ ರುಚಿ ಅಲ್ಲಿ ಸಿಗುತ್ತದೆ.

ಬಿರುಸಿನ ಅಭ್ಯಾಸ ಆರನೇ ವಾರದಿಂದ, ವಾರಕ್ಕೆ ಒಂದೇ ಒಂದು ದಿನ. ಹದವಾದ ಏರಿನಲ್ಲಿ ಎಂಟು ನಿಮಿಷ, ಮೂರು ನಾಲ್ಕು ಪದಕ್ಕಿಂತ ಹೆಚ್ಚು ಮಾತಾಡಲಾಗದಷ್ಟು ಶ್ರಮ, ಆಮೇಲೆ ನಾಲ್ಕು ನಿಮಿಷ ಸುಮ್ಮನೆ ತಿರುಗಿಸುವುದು, ಇಂಥವು ಮೂರು. ತಿಂಗಳ ನಂತರ ಎಂಟನ್ನು ಹನ್ನೆರಡು ನಿಮಿಷ ಮಾಡಿ. ಮೊಣಕಾಲು ಗೊಣಗುತ್ತಿದ್ದರೆ ಮೊದಲು ಕತ್ತರಿಸಬೇಕಾದದ್ದು ಇದನ್ನೇ, ಉದ್ದನೆಯ ಸವಾರಿಯನ್ನಲ್ಲ. ಹಾರ್ಟ್ ರೇಟ್ ಮಾನಿಟರ್ ಇದ್ದರೆ ಬಳಸಿ, ಆದರೆ 220ರಲ್ಲಿ ವಯಸ್ಸು ಕಳೆಯುವ ಸೂತ್ರವನ್ನು ನಂಬಿ ಕೂರಬೇಡಿ. ಅದರ ಪ್ರಕಾರ ನಿಮ್ಮ ಗರಿಷ್ಠ ಬಡಿತ 176. ನಿಜದಲ್ಲಿ 165 ಇರಬಹುದು, 188ಕ್ಕೂ ಹೋಗಬಹುದು. ಇಷ್ಟು ಅಂತರವಿರುವ ಸಂಖ್ಯೆಯ ಮೇಲೆ ಕಟ್ಟಿದ ಬಡಿತದ ವಲಯಗಳಿಗಿಂತ (ಇಷ್ಟು ಬಡಿತ ಅಂದರೆ ಇಷ್ಟು ಶ್ರಮ ಎನ್ನುವ ಹಂತಗಳು) ಮಾತಾಡಿ ನೋಡುವ ಪರೀಕ್ಷೆಯೇ ವಾಸಿ.

ವಾರಕ್ಕೆ ಎರಡು ದಿನ 20 ನಿಮಿಷ ಸ್ಕ್ವಾಟ್, ಮೆಟ್ಟಿಲು ಹತ್ತಿಳಿಯುವುದು, ಹಿಮ್ಮಡಿ ಎತ್ತುವುದು, ಪ್ಲ್ಯಾಂಕ್, ಮಲಗಿ ಸೊಂಟ ಎತ್ತುವ ಬ್ರಿಡ್ಜ್. ಇಷ್ಟು ಸಾಕು, ಆದರೆ ಬಿಡಬೇಡಿ. ಹಿಮ್ಮಡಿಯನ್ನು ಮೆಟ್ಟಿಲಿನ ಅಂಚಿನಲ್ಲಿ ನಿಂತು ನಿಧಾನವಾಗಿ ಇಳಿಸಿ. ತಡವಾಗಿ ಬರುವ ಬಳಗಕ್ಕೆ ಸೈಕಲ್ಲಿನಿಂದ ಸಿಗದ ಹೊರೆ ಇಲ್ಲಿ ಸಿಗುತ್ತದೆ. ತೂಕದ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. 5 ಕೆ.ಜಿ. ಕಾಟ ಕೊಡುವುದು ಏರಿನಲ್ಲಿ, ಸಮತಟ್ಟಿನಲ್ಲಿ ಅದರ ಪ್ರಭಾವ ಅತ್ಯಲ್ಪ. ಉದ್ದನೆಯ ಸವಾರಿಯ ದಿನ ಊಟ ಕಡಿಮೆ ಮಾಡಿ ತೂಕ ಇಳಿಸಲು ಹೋದರೆ ಸೋಂಕು, ಸುಸ್ತು, ಕೆಟ್ಟ ನಿದ್ದೆ ಒಟ್ಟಿಗೆ ಬರುತ್ತವೆ.

ಕೂರಲಾಗಲಿಲ್ಲ ಅಂದಿರಿ. ಇದನ್ನು ಜನ ಸಂಕೋಚದಿಂದ ಅರ್ಧ ಹೇಳುತ್ತಾರೆ, ಹಾಗಾಗಿ ನಾನೇ ಬಿಡಿಸಿ ಹೇಳುತ್ತೇನೆ. ಕೂತಾಗ ಕುರ್ಚಿಗೆ ತಾಗುವ ಎರಡು ಗಟ್ಟಿ ಮೂಳೆಗಳಿವೆಯಲ್ಲ, ಅಲ್ಲಿ ನೋವಿದ್ದರೆ ಹೆದರಬೇಡಿ, ಎರಡು ಮೂರು ವಾರಕ್ಕೆ ತಾನಾಗಿ ಹದವಾಗುತ್ತದೆ. ಚರ್ಮ ಉಜ್ಜಿ ಕೆಂಪಾಗಿದ್ದರೆ ಅದು ಬಟ್ಟೆಯ ಸಮಸ್ಯೆ. ಪ್ಯಾಡೆಡ್ ಶಾರ್ಟ್ಸ್ ಒಳಗೆ ಒಳಉಡುಪು ಹಾಕಬಾರದು, ಅದರ ಹೊಲಿಗೆಯೇ ಗಾಯ ಮಾಡುತ್ತದೆ. ಎರಡು ವರ್ಷದ ಹಿಂದಿನ ಪ್ಯಾಡ್ ಗಟ್ಟಿಯಾಗಿ ಚಪ್ಪಟೆಯಾಗಿದ್ದರೆ ಎಸೆಯಿರಿ. ಸವಾರಿ ಮುಗಿದ ತಕ್ಷಣ ಬಟ್ಟೆ ಬದಲಿಸಿ, ಒದ್ದೆ ಶಾರ್ಟ್ಸಿನಲ್ಲೇ ಕೂತು ಹರಟಬೇಡಿ, ಒಮ್ಮೆ ಹಾಕಿದ್ದನ್ನು ಒಗೆಯದೆ ಮತ್ತೆ ಹಾಕಬೇಡಿ. ಮೂರನೆಯದು ಮುಂಭಾಗ ಮರಗಟ್ಟುವುದು. ಇದನ್ನು ಸಹಿಸಿಕೊಳ್ಳಲೇಬಾರದು. ಮೃದು ಭಾಗದ ನರ, ರಕ್ತನಾಳಗಳು ಒತ್ತಿಕೊಳ್ಳುತ್ತಿವೆ ಎಂದು ಅರ್ಥ. ಸೀಟಿನ ಮೂತಿ ಮೇಲಕ್ಕಿದ್ದರೆ ಸಮ ಮಾಡಿ, ಬೇಕಿದ್ದರೆ ಒಂದೆರಡು ಡಿಗ್ರಿ ಕೆಳಕ್ಕೆ. ಆಗಲೂ ಹೋಗದಿದ್ದರೆ ಸೀಟಿನ ಅಗಲ ನಿಮಗೆ ಹೊಂದಿಲ್ಲ, ನಡುವೆ ಕೊರೆದ ಬೇರೆ ಸೀಟು ನೋಡಿ. ದಪ್ಪ ಜೆಲ್ ಕವರ್ ಹಾಕಿದರೆ ಮೂಳೆ ಒಳಗೆ ಹುದುಗಿ ಮೃದು ಭಾಗದ ಮೇಲೆ ಒತ್ತಡ ಹೆಚ್ಚುತ್ತದೆ. ಒಂದು ಗಂಟೆಯ ಸವಾರಿಗೆ ಹಿತ, ಹತ್ತು ಗಂಟೆಗೆ ಹಿಂಸೆ. ಸೀಟು ಯಾವುದಾದರೂ ಸರಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದು ಗೇರು ಭಾರ ಮಾಡಿ ಎದ್ದು ನಿಂತು 20–30 ಸೆಕೆಂಡ್ ತುಳಿಯುವುದನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳಿ.

ಕೈಗೂ ಇದೇ ಮಾತು. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈಯ ಹೊರಅಂಚಿನಲ್ಲಿ ಹಾಯುವ ನರ ಒತ್ತುತ್ತಿದೆ. ಹ್ಯಾಂಡಲ್ ಮೇಲಿನ ಹಿಡಿತ ಬದಲಿಸುತ್ತಿರಿ, ಮೊಣಕೈ ಬಿಗಿ ಮಾಡಬೇಡಿ. ಜೋಮು ಮರುದಿನವೂ ಉಳಿದರೆ ಹ್ಯಾಂಡಲ್ ಎತ್ತರ ಏರಿಸಬೇಕು. ಎರಡು ವರ್ಷದ ಹಿಂದೆ ನೀವು ಬಗ್ಗಿ ಕೂರುತ್ತಿದ್ದ ಮಟ್ಟ ಈಗಿನ ಬೆನ್ನಿಗೆ ಹೊಂದದೇ ಇರಬಹುದು. ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ ಕೆಳಗೆ ಎತ್ತರಿಸುವ ಒಂದೆರಡು ಬಳೆ (ಸ್ಪೇಸರ್) ಹಾಕಿಸುವುದು ಅವಮಾನವೇನಲ್ಲ.

ಹೊಟ್ಟೆಯ ವಿಷಯ ನೀವು ಕೊನೆಗೆ ಬರೆದಿದ್ದೀರಿ, ನನ್ನ ಪ್ರಕಾರ ನಿಮ್ಮ ಬ್ರೆವೆ ನಿಲ್ಲುವುದೋ ಮುಗಿಯುವುದೋ ಅದರ ಮೇಲೇ. 80 ಕಿ.ಮೀ. ಅಂದರೆ ಮೂರೂವರೆ, ನಾಲ್ಕು ಗಂಟೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಕಾರ್ಬೋಹೈಡ್ರೇಟ್ ಒಟ್ಟು ಸುಮಾರು 400–500 ಗ್ರಾಂ. ಸ್ವಲ್ಪ ಬಿರುಸಾಗಿ ತುಳಿದರೆ ಅದು ಬರಿದಾಗುತ್ತಾ ಬರುವುದು ಸರಿಯಾಗಿ ಆ ಹೊತ್ತಿಗೆ. ಆಗ ಹಸಿವೆಯಾಗಿ ತಿನ್ನಲು ಹೋಗುತ್ತೀರಿ. ಆದರೆ ಜೋರಾಗಿ ತುಳಿಯುವಾಗ ದೇಹ ರಕ್ತವನ್ನು ಕರುಳಿನಿಂದ ಕಾಲಿಗೆ ತಿರುಗಿಸಿರುತ್ತದೆ, ಜೊತೆಗೆ ನೀರು ಕಡಿಮೆಯಾಗಿದ್ದರೆ ಇನ್ನೂ ಕಷ್ಟ. ತಿಂದದ್ದು ಹೊಟ್ಟೆಯಲ್ಲೇ ಕುಲುಕಾಡುತ್ತಾ ಕೂರುತ್ತದೆ. ಹೊಟ್ಟೆ ಸರಿಯಿಲ್ಲ ಎಂದುಕೊಂಡು ಮುಂದೆ ಏನೂ ತಿನ್ನುವುದಿಲ್ಲ, 120ರ ಹತ್ತಿರ ಕಣ್ಣು ಮಂಜಾಗುತ್ತದೆ.

ಪರಿಹಾರ ಎರಡು: ಬೇಗ ಶುರು ಮಾಡುವುದು, ಕರುಳಿಗೂ ಅಭ್ಯಾಸ ಕೊಡುವುದು. ಮೊದಲ ಅರ್ಧ ಗಂಟೆಯಲ್ಲೇ ಮೊದಲ ತುತ್ತು, ಆಮೇಲೆ 20–30 ನಿಮಿಷಕ್ಕೊಮ್ಮೆ ಎರಡು ತುತ್ತು. ಹಸಿವಿಗೆ ಕಾಯಬೇಡಿ, ಗಡಿಯಾರ ನೋಡಿ ತಿನ್ನಿ. ಐದನೇ ವಾರದ ಉದ್ದನೆಯ ಸವಾರಿಯಲ್ಲಿ ಗಂಟೆಗೆ 30 ಗ್ರಾಂ ಕಾರ್ಬೋಹೈಡ್ರೇಟಿನಿಂದ ಶುರು ಮಾಡಿ, ಹದಿಮೂರರ ಹೊತ್ತಿಗೆ 50–60ಕ್ಕೆ ಏರಿಸಿ. ಕರುಳು ಗ್ಲೂಕೋಸನ್ನು ಒಂದು ಗಂಟೆಗೆ ಸುಮಾರು 60 ಗ್ರಾಂಗಿಂತ ಹೆಚ್ಚು ಹೀರಲಾರದು. ಫ್ರಕ್ಟೋಸ್ ಬೇರೆ ಬಾಗಿಲಿನಿಂದ ಒಳಗೆ ಹೋಗುವುದರಿಂದ ಎರಡನ್ನೂ ಬೆರೆಸಿ 90ರವರೆಗೆ ಏರಿಸುವವರಿದ್ದಾರೆ. ಅದು ರೇಸಿನವರ ತಲೆನೋವು, ನಿಮಗೆ 50 ಧಾರಾಳ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹತ್ತು ಗಂಟೆಗೆ 20 ಬಾಳೆಹಣ್ಣು ತಿನ್ನುವ ಗಂಡೆದೆ ಯಾರಿಗೂ ಇಲ್ಲ, ಹಾಗಾಗಿ ಅರ್ಧವನ್ನು ಕುಡಿಯುವ ರೂಪದಲ್ಲಿ ಇಟ್ಟುಕೊಳ್ಳಿ. ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಹುಳಿಗೆ ಸ್ವಲ್ಪ ನಿಂಬೆರಸ. ಇದಕ್ಕಿಂತ ಗಟ್ಟಿ ಪಾನಕ ಮಾಡಿದರೆ ಹೊಟ್ಟೆ ಮತ್ತೆ ತೊಳಸುತ್ತದೆ. ಸಿಹಿ ಮೂರನೇ ಗಂಟೆಗೇ ಬೇಸರವಾಗುತ್ತದೆ, ಉಪ್ಪು ಖಾರದ ಏನಾದರೂ ಜೇಬಿನಲ್ಲಿರಲಿ. ಬ್ರೆವೆಯ ದಿನ ಹೊಸ ತಿಂಡಿ, ಹೊಸ ಜೆಲ್, ಯಾರೋ ಕೊಟ್ಟ ಪುಡಿ ಬೇಡವೇ ಬೇಡ.

ನೀರು ಬಾಯಾರಿಕೆಗೆ ತಕ್ಕಷ್ಟು. ಹೆಚ್ಚಿನವರಿಗೆ ಗಂಟೆಗೆ 400ರಿಂದ 800 ಮಿ.ಲೀ. ಒಳಗೆ ಬರುತ್ತದೆ, ಸೆಕೆಯಿದ್ದರೆ ಇನ್ನೂ ಬೇಕು. ಬರೀ ನೀರನ್ನು ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿಯುತ್ತದೆ, ಅದು ನಿರ್ಜಲೀಕರಣದಷ್ಟೇ ಅಪಾಯ. ಉಂಗುರ ಬಿಗಿಯಾಗುವಷ್ಟು ಬೆರಳು ಊದಿ, ತಲೆನೋವು ಬಂದು, ಹೊಟ್ಟೆ ತೊಳಸಿದರೆ ಇನ್ನಷ್ಟು ನೀರು ಕುಡಿಯಬೇಡಿ. ಗೊಂದಲ, ತೂಕಡಿಕೆ ಶುರುವಾದರೆ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು: ಮೊಣಕಾಲಿಗೆಂದು ಐಬುಪ್ರೊಫೇನ್ ನುಂಗಿ ಹೊರಡಬೇಡಿ. ಹತ್ತು ಗಂಟೆ ಬೆವರಿದ ದೇಹದಲ್ಲಿ ಅದು ಮೂತ್ರಪಿಂಡಕ್ಕೂ ಕರುಳಿಗೂ ಕೆಡುಕು, ನೋವು ಹೇಳುವ ಎಚ್ಚರಿಕೆಯನ್ನೂ ಮುಚ್ಚಿಹಾಕುತ್ತದೆ.

ಪವರ್ ಮೀಟರ್ ಬೇಡ. ಆ ಹಣ ಸೀಟು, ಒಳ್ಳೆಯ ಶಾರ್ಟ್ಸ್, ಹಗುರ ಗೇರು, ಅನುಭವಿಗಳಿಂದ ಒಂದು ಬೈಕ್ ಫಿಟ್ (ಸೈಕಲ್ಲನ್ನು ಮೈಯಳತೆಗೆ ಹೊಂದಿಸುವುದು) ಇವಕ್ಕೆ ಹೋಗಲಿ. ಪ್ರಗತಿ ಅಳೆಯಲು ನಾಲ್ಕು ವಾರಕ್ಕೊಮ್ಮೆ ಅದೇ ಸಮತಟ್ಟು ದಾರಿಯಲ್ಲಿ, ಗಾಳಿಯಿಲ್ಲದ ಬೆಳಗ್ಗೆ, ಅದೇ ಹೃದಯ ಬಡಿತದಲ್ಲಿ ಒಂದು ಗಂಟೆ ತುಳಿದು ಎಷ್ಟು ದೂರ ಹೋದಿರಿ ಬರೆದಿಡಿ. ಸಂಖ್ಯೆ ಏರುತ್ತಿದ್ದರೆ ಎಲ್ಲ ಸರಿಯಿದೆ. ಸೈಕಲ್ಲಿನ ತಪಾಸಣೆಯನ್ನೂ ಈಗಲೇ ಮಾಡಿಸಿ, ಕೊನೆಯ ವಾರಕ್ಕೆ ಇಡಬೇಡಿ: ಟೈರಿನ ಪಕ್ಕದ ಬಿರುಕು, ಸವೆದು ಹಿಗ್ಗಿದ ಚೈನು, ಗಟ್ಟಿಯಾದ ಬ್ರೇಕ್ ಪ್ಯಾಡ್, ತುಕ್ಕು ಹಿಡಿದ ಕೇಬಲ್, ಟ್ಯೂಬ್‌ಲೆಸ್ ಆಗಿದ್ದರೆ ಖಂಡಿತ ಒಣಗಿಹೋಗಿರುವ, ಟೈರಿನ ತೂತು ಮುಚ್ಚುವ ದ್ರವ (ಸೀಲೆಂಟ್). ಹೊಸ ಭಾಗಗಳು ಕೈಕೊಡುವುದಿದ್ದರೆ ಅಭ್ಯಾಸದಲ್ಲೇ ಕೊಡಲಿ.

ಇನ್ನು ಆ ದಿನದ ವೇಗ. 200 ಕಿ.ಮೀ. ಬ್ರೆವೆಗೆ 13 ಗಂಟೆ 30 ನಿಮಿಷದ ಮಿತಿ, ನಿಲುಗಡೆಗಳೂ ಅದರಲ್ಲೇ ಸೇರಿ. ತುಳಿಯುವಾಗಿನ ಸರಾಸರಿ ಗಂಟೆಗೆ 20 ಕಿ.ಮೀ. ಆದರೂ ಹತ್ತು ಗಂಟೆಗೆ ಮುಗಿಯುತ್ತದೆ, ಊಟ, ನೀರು, ಪಂಕ್ಚರು, ಕಂಟ್ರೋಲ್ (ದಾರಿಯಲ್ಲಿನ ತಪಾಸಣೆ ಠಾಣೆ) ಎಲ್ಲಕ್ಕೂ ಸೇರಿ ಮೂರೂವರೆ ಗಂಟೆ ಉಳಿಯುತ್ತದೆ. ಇದನ್ನು ಕಾಗದದ ಮೇಲೆ ಬರೆದು ಹ್ಯಾಂಡಲ್ಲಿಗೆ ಅಂಟಿಸಿಕೊಳ್ಳಿ, ಯಾಕೆಂದರೆ ಬೆಳಗಿನ ತಂಪಿನಲ್ಲಿ ಒಂದು ಗುಂಪು 28ರಲ್ಲಿ ಹಾದುಹೋಗುತ್ತದೆ, ಅದರಲ್ಲಿ ಹಳೆಯ ಪರಿಚಯದವರೂ ಇರುತ್ತಾರೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ: 25ರಿಂದ 28ಕ್ಕೆ ಹೋದರೆ ವೇಗ ಹೆಚ್ಚಿದ್ದು 12%, ಗಾಳಿಗೆ ಕಟ್ಟುವ ಶಕ್ತಿ 40%. ಗುಂಪಿನ ಹಿಂದೆ ಅಡಗಿದರೆ ಅಷ್ಟು ಬೀಳುವುದಿಲ್ಲ ನಿಜ, ಆದರೆ ಪ್ರತಿ ಏರಿನಲ್ಲೂ ಅವರ ಲಯಕ್ಕೆ ಎದ್ದು ತುಳಿಯಬೇಕಾಗುತ್ತದೆ. ಮೊದಲ 60 ಕಿ.ಮೀ. ‘ಇದೇನು ಇಷ್ಟು ನಿಧಾನ’ ಅನ್ನಿಸಲೇಬೇಕು. ಸಮಯ ಉಳಿಸಬೇಕೆಂದರೆ ಕಾಲಿನಿಂದ ಉಳಿಸಬೇಡಿ, ನಿಲುಗಡೆಯಲ್ಲಿ ಉಳಿಸಿ. ಕುರ್ಚಿ ಸಿಕ್ಕಿತೆಂದು ಕೂತು ಹರಟಿದ 40 ನಿಮಿಷವನ್ನು ರಸ್ತೆಯಲ್ಲಿ ಮರಳಿ ಗಳಿಸುವುದು ಬಲು ಕಷ್ಟ, ಎದ್ದಾಗ ಮೊಣಕಾಲೂ ಮರದ ಹಾಗೆ ಆಗಿರುತ್ತದೆ.

ಕೊನೆಯ ಎರಡು ವಾರ ಹೊಸದಾಗಿ ಏನನ್ನೂ ಗಳಿಸಲಾಗದು, ಕಳೆದುಕೊಳ್ಳಬಹುದಷ್ಟೇ. ಹದಿನೈದರಲ್ಲಿ ಗಂಟೆಗಳನ್ನು ಅರ್ಧ ಮಾಡಿ. ಹದಿನಾರರಲ್ಲಿ ಎರಡು ಮೂರು ಸಣ್ಣ ಸವಾರಿ, ಅದರಲ್ಲಿ ಒಂದೊಂದು ನಿಮಿಷದ ಕೆಲವು ಬಿರುಸು ತುಳಿತ, ಮುಗಿಯಿತು. ಕಾಲು ಭಾರ ಅನ್ನಿಸುತ್ತದೆ, ಎಲ್ಲ ಹೋಯಿತು ಅನ್ನಿಸುತ್ತದೆ, ಎಲ್ಲರಿಗೂ ಹಾಗೇ.

ನಡುವೆ ಜ್ವರ, ಊರು, ಕೆಲಸ ಅಂತ ಒಂದು ವಾರ ತಪ್ಪಿದರೆ ಅದನ್ನು ಮುಂದಿನ ವಾರಕ್ಕೆ ಸೇರಿಸಬೇಡಿ, ಹಿಂದಿನ ವಾರವನ್ನೇ ಇನ್ನೊಮ್ಮೆ ಮಾಡಿ ಮುಂದುವರಿಯಿರಿ. ಜ್ವರವಿದ್ದಾಗ ತುಳಿಯಲೇಬಾರದು, ಬಿಟ್ಟ ಮೇಲೂ ಎರಡು ಮೂರು ದಿನ ಮಾತಿನ ವೇಗ ಮಾತ್ರ. ಮೊಣಕಾಲಿಗೆ ಈ ನಿಯಮ ಇಟ್ಟುಕೊಳ್ಳಿ: ತುಳಿಯುವಾಗ ಸ್ವಲ್ಪ ಇದ್ದು ಇಳಿದ ಮೇಲೆ ಹೋಗುವ ನೋವಿದ್ದರೆ ಅದೇ ಹೊರೆಯಲ್ಲಿ ಮುಂದುವರಿಯಬಹುದು, ಮರುದಿನ ಬೆಳಗ್ಗೆ ಮೆಟ್ಟಿಲಿಳಿಯುವಾಗಲೂ ಇದ್ದರೆ ಮುಂದಿನ ಮೂರು ಸವಾರಿ ಅರ್ಧಕ್ಕೆ ಇಳಿಸಿ, ಎರಡು ವಾರ ಹಾಗೇ ಇದ್ದರೆ, ಅಥವಾ ಊದಿಕೊಂಡರೆ, ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಹದಿಮೂರನೇ ವಾರ ಮುಗಿಯುವಷ್ಟರಲ್ಲಿ 120 ಕಿ.ಮೀ.ಯನ್ನಾದರೂ ಈ ನೋವಿಲ್ಲದೆ ಮುಗಿಸಿರದಿದ್ದರೆ ಈ ಬ್ರೆವೆ ಬಿಟ್ಟು ಮುಂದಿನದಕ್ಕೆ ಹೆಸರು ಬದಲಿಸಿ. ಸದ್ಯಕ್ಕೆ, ನೋವು ಪೂರ್ತಿ ಹೋಗುವವರೆಗೆ ನಾಲ್ಕೈದು ದಿನ ಸೈಕಲ್ ಮುಟ್ಟದೆ ನಡೆದಾಡಿ, ಅಷ್ಟರಲ್ಲಿ ಸೀಟಿನ ಎತ್ತರ ನೋಡಿಟ್ಟುಕೊಳ್ಳಿ. ಮೊದಲ ವಾರದ ಎಣಿಕೆ ಅಲ್ಲಿಂದ.